ಗಿಡ್ಡ ಬಾಲದ ಹುಂಜ

ನಾನು: ಮೆಣಸಿನಕಾಯಿ ಸುಡೋ ತಗಡು ಎಲ್ಲಿ ಹಾಕಿದೆ?

ಜಿವಾದಿನ್: ನನ್ನನ್ಯಾಕೆ ಕೇಳ್ತೀಯ, ಸ್ತಾನಾ? ಹಲಗೆ ಕೊಯ್ತಾ ಇದೀನಿ, ಕಾಣಲ್ವಾ?

ಕಾಣ್ತಿತ್ತು. ನನ್ನ ಗಂಡ ಎರಡು ತೆಳು ಹಲಗೆ ಒಂದರ ಮೇಲೊಂದು ಅಂಟಿಸಿ ಯಂತ್ರದ ಸಣ್ಣ ಗರಗಸಕ್ಕೆ ಕೊಡ್ತಿದ್ದ. ದಾರದಂಥ ಅಲಗಿಗೆ ಮೇಣದಬತ್ತಿ ಉಜ್ಜಿದ್ದ. ಅಂಗಳದಲ್ಲಿ ಮೂರು ಮೂಟೆ ಕೆಂಪು ಮೆಣಸಿನಕಾಯಿ. ನಾಳೆಯೊಳಗೆ ಸುಡದಿದ್ದರೆ ಕೊಳೆಯುತ್ತೆ, ಚಳಿಗಾಲಕ್ಕೆ ಅಯ್ವಾರ್ ಚಟ್ನಿ ಇಲ್ಲ.

ನಾನು: ಹಲಗೆ ಹಿಂಗೆ ಕಿರುಚುತ್ತಾ?

ಜಿವಾದಿನ್: ಒಣಗಿದ ಮರ. ನಿನ್ನ ಹಂಗೇ.

ನಾನು: ಮರದ ಹೊಟ್ಟು ಯಾಕೆ ಮಿಣಮಿಣ ಅನ್ನುತ್ತೆ?

ಜಿವಾದಿನ್: ಒಳ್ಳೆ ಜಾತಿ ಮರ.

ಅಷ್ಟರಲ್ಲಿ ರಾತೊಮಿರ್ ಬಂದ, ನಮ್ಮ ಮದುವೆಗೆ ಸಾಕ್ಷಿ ನಿಂತವನು. ಕಂಕುಳಲ್ಲಿ ಪ್ಲಮ್ ಸಾರಾಯಿ ಬಾಟ್ಲಿ.

ರಾತೊಮಿರ್: ಮಾಡಿನ ಮೇಲೆ ತಿರುಗಿ ಗಾಳಿ ದಿಕ್ಕು ತೋರಿಸೋ ಹುಂಜ ಆಯ್ತೇನೋ? ತಗಡನ್ನ ಹಲಗೆ ಮಧ್ಯ ಇಟ್ಟೆ ತಾನೇ? ಇಲ್ಲಾಂದ್ರೆ ಅಲಗು ಕಚ್ಕೊಂಡು ಹರಿದುಬಿಡುತ್ತೆ.

ಜಿವಾದಿನ್ ಗರಗಸ ನಿಲ್ಲಿಸಿ ಮೇಣದಬತ್ತಿ ನೋಡ್ತಾ ನಿಂತ.

ನಾನು: ಬಿಚ್ಚು.

ಹಲಗೆ ಬಿಚ್ಚಿದ. ಮಧ್ಯ ನನ್ನ ತಗಡು, ಸುಟ್ಟ ಕಪ್ಪು ಕಲೆ ಸಮೇತ. ಅದರಿಂದ ಒಂದು ಹುಂಜ ಎದ್ದು ಬಂತು. ಎದೆ ಕುಂಬಳಕಾಯಿ, ಬಾಲ ಬೆರಳುದ್ದ.

ನಾನು: ಇದು ಹುಂಜಾನಾ? ಬಸುರಿ ಪಾರಿವಾಳ.

ರಾತೊಮಿರ್: ಬಾಲ ಗಿಡ್ಡ ಆದ್ರೆ ಗಾಳಿಗೆ ಮೂತಿ ಕೊಡಲ್ಲ ಕಣೋ, ತಿಕ ತೋರಿಸುತ್ತೆ.

ನಾನು: ಮಾಡಿದವನ ಗುಣ. ಇಷ್ಟು ತಗಡು ಹಾಳು ಮಾಡಿದವನಿಗೆ ಬಾಲದ ಹತ್ರ ಯಾಕಪ್ಪಾ ಜಿಪುಣತನ?

ಜಿವಾದಿನ್: ಪೂರಾ ಬಾಲ ಕೊಯ್ದಿದ್ರೆ ನೀನು ಮೆಣಸಿನಕಾಯಿ ಎಲ್ಲಿ ಸುಡ್ತಿದ್ದೆ?

ಉಳಿದ ಪಟ್ಟಿ ಚಾಚಿದ. ಅಂಗೈಯಗಲ.

ನಾನು: ಮೂರು ಮೂಟೆ, ಇದರ ಮೇಲೆ.

ಜಿವಾದಿನ್: ಒಂದೊಂದಾಗಿ ಸುಡು. ನಾಳೆ ಹೊಸದು ತರ್ತೀನಿ ಬಿಡೆ.

ಮಾರನೇ ದಿನ ತಗಡು ತರೋಕೆ ಹೊರಟವನು ಬಸ್ ಸ್ಟಾಪಲ್ಲಿ ಎದೆ ಹಿಡಿದು ಕೂತ. ಏಳಲಿಲ್ಲ. ಮೆಣಸಿನಕಾಯಿ ಪಕ್ಕದ ಮನೆಯವರು ಸುಟ್ಟುಕೊಟ್ಟರು.

ಹುಂಜವನ್ನು ರಾತೊಮಿರ್ ಮಾಡಿನ ಮೇಲೆ ನಿಲ್ಲಿಸಿದ. ಗಾಳಿ ಬಂತು. ಹುಂಜ ತಿರುಗಿ ತಿಕ ತೋರಿಸಿತು.

ರಾತೊಮಿರ್: ಬಾಲಕ್ಕೊಂದು ತುಂಡು ಸೇರಿಸಲಾ, ಸ್ತಾನಾ? ಊರು ನಗುತ್ತೆ.

ನಾನು: ಮುಟ್ಟಿದ್ರೆ ಕೈ ಮುರೀತೀನಿ. ಊರೂ ನೋಡ್ಲಿ.

ದಿನಾ ಬೆಳಿಗ್ಗೆ ಒಲೆ ಹಚ್ಚಿ, ಬಾಲ ಗಿಡ್ಡ ಮಾಡಿ ಅವನು ಉಳಿಸಿದ ಆ ಪಟ್ಟಿ ಮೇಲೆ ಬ್ರೆಡ್ಡು ಬಿಸಿ ಮಾಡ್ತೀನಿ. ಒಂದೇ ತುಂಡಿಗೆ ಜಾಗ. ಈಗ ಬೇಕಾಗಿರೋದೂ ಅಷ್ಟೇ.