ಇನ್ನಾಸಪ್ಪ ಮೇಷ್ಟ್ರ ಹೆಗಲು

ಸ್ಟಾಫ್ ರೂಮಿನಲ್ಲಿ ಕಾಫಿ ಹೀರುತ್ತಾ "ನಿಮ್ಮ ಗುಡ್ಡದ ಚೌಡಮ್ಮನ್ನ ಒಂದ್ಸಲ ನೋಡ್ಬೇಕಲ್ರೀ" ಅಂದದ್ದೇ ಇನ್ನಾಸಪ್ಪ ಮೇಷ್ಟ್ರು ಮಾಡಿದ ತಪ್ಪು. ಅಂದದ್ದು ಬರೀ ಮಾತಿಗೆ. ಆದರೆ ಗಣಿತದ ಗಂಗಾಧರಯ್ಯನವರ ಮುಂದೆ ಮಾತಿಗೆ ಅಂತ ಏನನ್ನೂ ಅನ್ನಬಾರದು, ತುರುವೇಕೆರೆಯಲ್ಲಿ ಇದು ಎಳೆ ಮಕ್ಕಳಿಗೂ ಗೊತ್ತು. ಮೇಷ್ಟ್ರು ವರ್ಗವಾಗಿ ಬಂದು ಮೂರೇ ತಿಂಗಳು, ಪಾಪ. ಭಾನುವಾರ ಬೆಳಗ್ಗೆ ಏಳಕ್ಕೆಲ್ಲ ಗಂಗಾಧರಯ್ಯ ಬಾಗಿಲಲ್ಲಿ ಬೈಕ್ ನಿಲ್ಲಿಸಿ ಹಾರನ್ ಹೊಡೆದರು.

"ಇವತ್ತಾ? ಇವತ್ತು ತಿಪಟೂರಲ್ಲಿ ನಮ್ಮ ಆರೋಗ್ಯ ಮಾತೆ ಹಬ್ಬ ಕಣ್ರೀ! ಸಾಯಂಕಾಲ ಐದಕ್ಕೆ ಪಲ್ಲಕ್ಕಿ ಹೊರಡುತ್ತೆ. ನಾನು ಹೊರ್ಬೇಕು!"

ಇದೇನು ಸಣ್ಣ ಮಾತಲ್ಲ. ಮಾತೆಯ ಪಲ್ಲಕ್ಕಿ ಹೊರಬೇಕು ಅನ್ನೋದು ಇನ್ನಾಸಪ್ಪನವರ ಹನ್ನೊಂದು ವರ್ಷದ ಆಸೆ. ಯಾವ ಊರಿಗೆ ಹೋದರೂ ಚರ್ಚಿನಲ್ಲಿ ಹೆಸರು ಬರೆಸುತ್ತಿದ್ದರು. ಸರದಿ ಬರುವ ಹೊತ್ತಿಗೆ ವರ್ಗಾವಣೆ ಬರುತ್ತಿತ್ತು. ಈ ಸಲ ಫಾದರ್ ಕರುಣೆ ತೋರಿಸಿ ಬಂದ ವರ್ಷವೇ ಜಾಗ ಕೊಟ್ಟಿದ್ದರು. ಹೆಂಡತಿ ಲೂರ್ದಮ್ಮ ಬಿಳಿ ಶರ್ಟಿಗೆ ಗಂಜಿ ಹಾಕಿ ಇಸ್ತ್ರಿ ಮಾಡಿಟ್ಟಿದ್ದಳು.

"ಒಂದು ಗಂಟೆಗೆ ಮನೇಲಿರ್ತೀರಿ, ಬನ್ನಿ ಸಾರ್" ಅಂದರು ಗಂಗಾಧರಯ್ಯ. ಹೋದರೆ ಚರ್ಚಿನ ಪತ್ರಿಕೆಗೆ ಒಂದು ಲೇಖನವಾದರೂ ಆದೀತು ಅಂತ ಮೇಷ್ಟ್ರು ಜೇಬಿಗೆ ನೋಟ್‌ಬುಕ್ ಹಾಕಿಕೊಂಡು ಹೊರಟರು.

ಚಿಕ್ಕನಾಯಕನಹಳ್ಳಿ ದಾಟಿ ಒಳಗೆ ಹೋದರೆ ಗುಡ್ಡ, ಗುಡ್ಡದ ಮೇಲೆ ಚೌಡಮ್ಮ. ಮೇಷ್ಟ್ರು ಪ್ರತಿ ಮೆಟ್ಟಿಲಿಗೂ ನಿಂತು ಬರೆದುಕೊಂಡರು. "ನಮ್ಮಲ್ಲಿ ಮೇಣದ ಬತ್ತಿ, ಇವರಲ್ಲಿ ತೆಂಗಿನಕಾಯಿ. ಕಾಯಿ ಹೋಳು ಮನೆಗೆ ವಾಪಸ್ ಬರುತ್ತೆ, ಚಟ್ನಿಗಾಗುತ್ತೆ. ಇದು ಮೇಲು." "ಮಂಗಗಳಿಗೆ ಯಾವ ಧರ್ಮವೂ ಇಲ್ಲ. ನನ್ನ ಬಾಳೆಹಣ್ಣು ಹೋಯ್ತು."

ಪೂಜಾರಿ ಮಾರಯ್ಯ ತೀರ್ಥ ಕೊಡುತ್ತಾ ಕೇಳಿದ: "ತಾವು ಯಾವ ದೇವ್ರ ಒಕ್ಲು ಸ್ವಾಮಿ?"

ಸುಳ್ಳು ಹೇಳಿ ಅಭ್ಯಾಸವಿಲ್ಲ. "ಆರೋಗ್ಯ ಮಾತೆ" ಅಂದರು ಮೇಷ್ಟ್ರು. "ನಾನು ಕ್ರಿಶ್ಚಿಯನ್ನು."

"ಯಾವ ಕಡೆ ಅಮ್ಮ ಅದು?"

"ತಮಿಳುನಾಡು. ಸಮುದ್ರದ ದಡ."

ಮಾರಯ್ಯನ ಮುಖ ಅರಳಿತು. "ಹಂಗನ್ನಿ ಮತ್ತೆ! ನಮ್ಮಮ್ಮಂಗೆ ಆರು ಜನ ತಂಗೀರು. ಒಬ್ಳು ಸಮುದ್ರದ ಕಡೀಕ್ ಹೋದ್ಲು ಅಂತ ನಮ್ಮಜ್ಜ ಹೇಳ್ತಿದ್ದ. ನೀವು ನೆಂಟ್ರೇ ಆದ್ರಿ ಬುಡಿ!"

ನೆಂಟಸ್ತನ ಅಲ್ಲಿಗೇ ನಿಂತಿದ್ದರೆ ಚೆನ್ನಾಗಿತ್ತು. ಅವತ್ತು ಚಿಕ್ಕಗೌರಮ್ಮನ ತೋಟಕ್ಕೆ ಬೋರ್‌ವೆಲ್ ಪಾಯಿಂಟ್ ತೋರಿಸಲು ಅಮ್ಮ ಗುಡ್ಡ ಇಳಿಯಬೇಕಿತ್ತು. ಹೊತ್ತ ಅಮ್ಮ ಎಲ್ಲಿ ವಾಲುತ್ತಾಳೋ ಅಲ್ಲಿ ನೀರು ಅನ್ನೋದು ಆ ಕಡೆಯ ನಂಬಿಕೆ. ಎರಡು ಗಳುವಿನ ಮೇಲೆ ಅಮ್ಮ, ಮುಂದೊಬ್ಬ ಹಿಂದೊಬ್ಬ ಹೊರುವವರು. ಮುಂದಿನವನು ದುರ್ಗಯ್ಯ, ಗಟ್ಟಿ ಆಳು, ಕುಳ್ಳ. ಹಿಂದಿನ ರಾಜಣ್ಣ ಇನ್ನೂ ಅಂಗಳ ದಾಟಿರಲಿಲ್ಲ, ಕಾಲು ಉಳುಕಿ "ಅಯ್ಯಮ್ಮೋ" ಅಂತ ಕುಕ್ಕರಿಸಿದ. ಎತ್ತಿದ ಅಮ್ಮನನ್ನು ನೆಲಕ್ಕಿಳಿಸುವ ಹಾಗಿಲ್ಲ. ದುರ್ಗಯ್ಯನ ಸಮ ಎತ್ತರದವರು ಬೇಕು. ಎಲ್ಲರೂ ಸುತ್ತ ನೋಡಿದರು. ನೋಟಗಳೆಲ್ಲ ಬಂದು ಇನ್ನಾಸಪ್ಪನವರ ಮೇಲೆ ಕೂತವು.

"ನಾನು... ನಾನು ಬರೀ ನೋಡೋಕೆ ಬಂದಿದ್ದು!"

"ನೋಡೋರ್ಗೆ ಹೆಗಲಿರಲ್ವಾ?" ಅಂದಳು ಪಕ್ಕದಲ್ಲಿದ್ದ ಪುಟ್ಟಗಂಗಮ್ಮ ಅನ್ನೋ ಮುದುಕಿ, ಆ ಹೆಗಲಿನ ಮೇಲೊಂದು ಟವೆಲ್ ಹಾಕುತ್ತಾ. ಅದರ ಮೇಲೆ ಗಳು ಬಂದು ಕೂತಿತು. ಅಬ್ಬಾ ಆ ಭಾರ!

"ಗಂಗಾಧರಯ್ಯ! ಐದು ಗಂಟೆ! ಪಲ್ಲಕ್ಕಿ!" ಮೇಷ್ಟ್ರು ಕಿರುಚಿದರು.

"ಅದ್ರ ಯೋಚ್ನೆ ನಂಗ್ ಬುಡಿ ಸಾರ್!" ಅಂದರು ಗಂಗಾಧರಯ್ಯ. ಅಂದವರು ಆಮೇಲೆ ಕಾಣಲೇ ಇಲ್ಲ.

ಗುಡ್ಡ ಇಳಿದದ್ದಾಯಿತು. ತೋಟಕ್ಕೆ ಬಂದದ್ದಾಯಿತು. ಒಂದು ತೆಂಗಿನ ಮಟ್ಟೆಗೆ ಮೇಷ್ಟ್ರು ಎಡವಿದರು, ಅಮ್ಮ ವಾಲಿದಳು.

"ಇಲ್ಲೇ! ತೋರ್ಸುದ್ಲು ನಮ್ಮವ್ವ!" ಚಿಕ್ಕಗೌರಮ್ಮ ಕೈ ಮುಗಿದಳು. ಯಾರೋ ಓಡಿ ಬಂದು ಗೂಟ ಹೊಡೆದರು.

"ನಾನು ಎಡವಿದ್ದು ಕಣಮ್ಮ!"

"ಎಡವ್ಸುದ್ದು ಯಾರು?" ಅಂದಳು ಆಕೆ.

ಹೊಸ ಹೆಗಲಿಗೆ ಅಮ್ಮ ಚೆನ್ನಾಗಿ ಒಲಿದಿದ್ದಾಳೆ ಅಂತ ಸುದ್ದಿ ಹಬ್ಬಿತು. ಪಕ್ಕದ ತೋಟದವರು ಬಂದರು, ಅದರ ಪಕ್ಕದವರೂ ಬಂದರು. ಬಿಸಿಲಿಗೆ ಕಾಲು ತತ್ತರಿಸಿದ ಕಡೆಯೆಲ್ಲ ಗೂಟ ಬಿತ್ತು, ಒಟ್ಟು ಒಂಬತ್ತು. ಮೂರು ಗಂಟೆಗೆ ಮೇಷ್ಟ್ರಿಗೆ ತಡೆಯಲಾಗಲಿಲ್ಲ. ಗಳುವನ್ನು ಬಲವಾಗಿ ಬಸ್ ರಸ್ತೆಯ ಕಡೆ ತಿರುಗಿಸಿ ಓಡಿದರು. ದುರ್ಗಯ್ಯ ಹಿಂದುಮುಂದಾಗಿ ಎಳೆದಾಡಿಕೊಂಡು ಓಡಿದ.

"ಅಮ್ಮ ರೋಡಿಗೆ ಹೊಂಟ್ಲು! ಬರ್ರಲಾ!" ಅಂತ ಜನ ತಮಟೆ ಬಡಿಯುತ್ತಾ ಹಿಂದೆ ಓಡಿದರು. ಬಸ್ ಏನೋ ಬಂತು. ಡ್ರೈವರ್ ಇಳಿದು, ಚಪ್ಪಲಿ ಬಿಟ್ಟು ಕೈ ಮುಗಿದು, ಮಂಗಳಾರತಿ ತಗೊಂಡು, ಬಸ್ ಹತ್ತಿ ಹೊರಟೇ ಹೋದ. ಮೇಷ್ಟ್ರಿಗೆ ಅಳುವೇ ಬಂತು. ಜನ ಅದನ್ನೂ ಭಕ್ತಿ ಅಂದುಕೊಂಡರು.

ಅಮ್ಮ ಗುಡ್ಡ ಹತ್ತಿ ಗದ್ದುಗೆ ಸೇರಿದಾಗ ನಾಲ್ಕೂಕಾಲು. ಮೇಷ್ಟ್ರು ಒಂದೇ ಉಸಿರಿಗೆ ಮೆಟ್ಟಿಲಿಳಿದು, ಕೊಬ್ಬರಿ ಮೂಟೆ ತುಂಬಿದ ಒಂದು ಲಗೇಜ್ ಆಟೋ ಹತ್ತಿ ತಿಪಟೂರು ಮುಟ್ಟಿದರು. ಮೈಯೆಲ್ಲ ಧೂಳು, ಹಣೆ ತುಂಬ ಅರಿಶಿನ, ಹೆಗಲು ಬನ್ನಿನ ಹಾಗೆ ಊದಿತ್ತು. ಗಂಟೆ ಐದೂ ಹತ್ತು.

ಬ್ಯಾಂಡ್ ಶುರುವಾಗಿತ್ತು. ಪಲ್ಲಕ್ಕಿ ಚರ್ಚಿನ ಮೆಟ್ಟಿಲಿಳಿದು ಗೇಟಿನ ಹತ್ತಿರ ಬರುತ್ತಿತ್ತು. ಆದರೆ ಮಾತೆ ಯಾಕೋ ಒಂದು ಕಡೆಗೆ ವಾಲಿದ್ದಳು. ಮೂರು ಮೂಲೆ ಸಮವಾಗಿದ್ದವು, ನಾಲ್ಕನೆಯದು ಒಂದು ಗೇಣು ಮೇಲೆದ್ದಿತ್ತು. ಮೇಷ್ಟ್ರು ಬಗ್ಗಿ ನೋಡಿದರು. ಆ ಮೂಲೆಯಡಿ ಕೊರಳಿಗೆ ಹಾರ ಹಾಕಿಕೊಂಡು ಬೆವರು ಸುರಿಸುತ್ತಿದ್ದವರು ಆರಡಿ ಎತ್ತರದ ಗಂಗಾಧರಯ್ಯ.

"ರೀ! ಅದು ನನ್ನ ಜಾಗ ಕಣ್ರೀ!"

"ಗೊತ್ತು ಸಾರ್, ಅದಕ್ಕೇ ಓಡ್ಬಂದೆ!" ಗಂಗಾಧರಯ್ಯನವರ ಕಣ್ಣಲ್ಲಿ ನಿಜಕ್ಕೂ ನೀರಿತ್ತು. "ನಮ್ಮಮ್ಮನ್ನ ನೀವು ಹೊತ್ರಿ. ನಿಮ್ಮಮ್ಮ ಹೊರೋರಿಲ್ದೆ ನಿಂತ್ಕಂಡ್ರೆ ನಾನು ಮಕ ಎಲ್ಲಿಟ್ಕಳ್ಳಿ?"

ಅಷ್ಟರಲ್ಲಿ ಫಾದರ್ ಬಂದು ಮೇಷ್ಟ್ರ ಊದಿದ ಹೆಗಲನ್ನೇ ತಟ್ಟಿದರು.

"ಎಂಥಾ ಭಕ್ತರನ್ನ ಕಳಿಸಿದ್ರಿ ಇನ್ನಾಸಪ್ಪ! ಒಂದು ಗಂಟೆ ಮೊದಲೇ ಬಂದು ಮಂಡಿಯೂರಿ ಕೂತಿದ್ರು. ಇನ್ನು ಪ್ರತಿ ವರ್ಷ ಈ ಮೂಲೆ ಇವರಿಗೇ ಅಂತ ರಿಜಿಸ್ಟರಲ್ಲಿ ಬರೆದುಬಿಟ್ಟೆ."

ಪಲ್ಲಕ್ಕಿ ಗೇಟು ದಾಟಿತು. ಲೂರ್ದಮ್ಮ ಮೊಬೈಲ್ ಹಿಡಿದು, ಫ್ರೇಮಿಗೆ ಸಿಗದ ಗಂಗಾಧರಯ್ಯನವರ ತಲೆಗಾಗಿ ಹಿಂದೆ ಹಿಂದೆ ಸರಿಯುತ್ತಿದ್ದಳು. ಇನ್ನಾಸಪ್ಪ ಮೇಷ್ಟ್ರು ಗಂಗಾಧರಯ್ಯನವರ ಚಪ್ಪಲಿ ಕಾಯುತ್ತಾ ಚರ್ಚಿನ ಮೆಟ್ಟಿಲ ಮೇಲೆ ಕೂತರು.