ಚಪ್ಪಾಳೆಗೆ ಕೆಂಪಾಗುವ ಶಬ್ದಮಾಪಕ ಮಹಾಶಯರಿಗೆ

ನಮ್ಮ ರೆಕಾರ್ಡ್ ಅಂಗಡಿಯ ಹಿಂದಿನ ಕೋಣೆಯಲ್ಲಿ, ನೆಲದಿಂದ ಏಳಡಿ ಎತ್ತರದಲ್ಲಿ, ನಾಲ್ಕು ಮೊಳೆಗಳ ಆಧಾರದಿಂದ ವಿರಾಜಮಾನರಾಗಿರುವ ಶಬ್ದಮಾಪಕ ಯಂತ್ರ ಮಹಾಶಯರಿಗೆ, ಅದೇ ಅಂಗಡಿಯ ಒಡತಿಯಾದ ನಾನು ಸ್ಟೂಲಿನ ಮೇಲೆ ಕೂತು, ಕತ್ತೆತ್ತಿ ನೋಡುತ್ತ ಮಾಡುವ ಸವಿನಯ ನಮಸ್ಕಾರಗಳು.

ಮಾನ್ಯರೇ,

ತಾವು ಕ್ಷೇಮವೆಂದು ಪ್ರತಿದಿನ ಬೆಳಿಗ್ಗೆ ತಮ್ಮ ಹಸಿರು ದೀಪ ನೋಡಿ ತಿಳಿದುಕೊಳ್ಳುತ್ತಿದ್ದೇನೆ. ನಾವೂ ಕ್ಷೇಮ ಎಂದು ಬರೆಯುವುದು ಪದ್ಧತಿಯಾದರೂ, ತಾವು ಬಂದಾಗಿನಿಂದ ಆ ಸಾಲು ಬರೆಯಲು ಕೈ ಏಳುತ್ತಿಲ್ಲ, ಕ್ಷಮಿಸಬೇಕು. ಒಂದೇ ಸೂರಿನ ಕೆಳಗಿದ್ದುಕೊಂಡು ಪತ್ರ ಬರೆಯುವುದೇಕೆ, ಎದುರಿಗೇ ಹೇಳಬಾರದೇ ಎಂದು ತಾವು ಕೇಳಬಹುದು. ಎದುರಿಗೆ ಹೇಳಹೋದರೆ ನನ್ನ ದನಿ ಏರುತ್ತದೆ, ದನಿ ಏರಿದರೆ ತಮ್ಮ ಕಣ್ಣು ಕೆಂಪಾಗುತ್ತದೆ, ತಮ್ಮ ಕಣ್ಣು ಕೆಂಪಾದರೆ ನಮ್ಮ ಅಂಗಡಿಯ ಕರೆಂಟು ಹೋಗುತ್ತದೆ. ಆದ್ದರಿಂದ ಕಾಗದವೇ ವಾಸಿ ಎಂದುಕೊಂಡು ಇದನ್ನು ಬರೆದು, ಬೀದಿಯವರೆಲ್ಲ ಓದಲೆಂದು ಅಂಗಡಿಯ ಗಾಜಿನ ಬಾಗಿಲಿಗೆ ಅಂಟಿಸುತ್ತಿದ್ದೇನೆ.

ತಾವು ಬರುವ ಮೊದಲಿನ ಸಂಗತಿ ತಮಗೆ ತಿಳಿದಿರಲಿಕ್ಕಿಲ್ಲ. ಇಪ್ಪತ್ತಾರು ವರ್ಷದಿಂದ ನಾನು ಈ ಅಂಗಡಿ ನಡೆಸುತ್ತಿದ್ದೇನೆ. ಬೆಳಿಗ್ಗೆ ಬಾಗಿಲು ತೆರೆದವಳೇ ಮೆತ್ತನೆ ಬಟ್ಟೆಯಲ್ಲಿ ರೆಕಾರ್ಡುಗಳ ಧೂಳು ಒರೆಸಿ, ಮರದ ಪೆಟ್ಟಿಗೆಗಳಲ್ಲಿ ಜೋಡಿಸುತ್ತೇನೆ. ಅಕ್ಷರಮಾಲೆಯ ಪ್ರಕಾರ ಜೋಡಿಸುವುದು ನನಗೆ ಒಗ್ಗದು. ನಮ್ಮ ಪೆಟ್ಟಿಗೆಗಳ ಮೇಲೆ ‘ಅಳು ಬಂದಾಗ’, ‘ಅಡುಗೆ ಮಾಡುವಾಗ’, ‘ಗಂಡ ಹೆಂಡತಿ ಮಾತು ಬಿಟ್ಟಾಗ’ ಎಂದು ಚೀಟಿ ಇರುತ್ತದೆ. ಬರುವವರಲ್ಲಿ ಅರ್ಧ ಜನ ರೆಕಾರ್ಡಿನ ಹೊದಿಕೆಯ ಚಿತ್ರವನ್ನು ಮೊಬೈಲಿನಲ್ಲಿ ತೆಗೆದುಕೊಂಡು, “ಮನೇಲಿ ಫೋನಲ್ಲೇ ಕೇಳ್ತೀನಿ ಅಕ್ಕಾ” ಎಂದು ನನ್ನ ಎದುರಿಗೇ ಹೇಳಿ ಹೋಗುತ್ತಾರೆ. ಅಂಥವರಿಗೂ ನಾನು ನಗುನಗುತ್ತ ಬಾಗಿಲು ತೆರೆದು ಬಿಟ್ಟು, ಅವರು ಮೂಲೆ ತಿರುಗಿದ ಮೇಲಷ್ಟೇ ಬೈದುಕೊಳ್ಳುತ್ತೇನೆ.

ಇಷ್ಟಾಗಿಯೂ ನನ್ನ ನಿಜವಾದ ಹುಚ್ಚು ಎದುರು ಕೂತು ಕೇಳುವ ಸಂಗೀತದ್ದು. ಯಾರೋ ಎಲ್ಲೋ ಹಾಡುತ್ತಾರೆಂದರೆ ಮೂರು ಬಸ್ಸು ಬದಲಿಸಿ ಹೋಗುವವಳು, ನೂಕುನುಗ್ಗಲಲ್ಲಿ ಎರಡು ಸಲ ಚಪ್ಪಲಿ ಕಳೆದುಕೊಂಡವಳು, ‘ಒನ್ಸ್ ಮೋರ್’ ಕೂಗಿ ಕೂಗಿ ಮರುದಿನ ಗಿರಾಕಿಗಳ ಜೊತೆ ಕೈಸನ್ನೆಯಲ್ಲಿ ವ್ಯಾಪಾರ ಮಾಡಿದವಳು ನಾನು. ರೆಕಾರ್ಡ್ ಮಾರುವವಳು ಹೀಗೆ ಅಲೆಯುವುದೆಂದರೆ ಹೋಟೆಲಿನವರು ಊಟಕ್ಕೆ ಪಕ್ಕದ ಹೋಟೆಲಿಗೆ ಹೋದ ಹಾಗೆ ಎಂದು ನಮ್ಮ ಯಜಮಾನರು ಆಡಿಕೊಳ್ಳುತ್ತಿದ್ದರು. ಅವರ ಬಾಯಿ ಮುಚ್ಚಿಸಲೆಂದೇ ಹಿಂದಿನ ಕೋಣೆ ಖಾಲಿ ಮಾಡಿಸಿ, ಒಂದು ಮೈಕು, ಹದಿನಾಲ್ಕು ಕುರ್ಚಿ, ಉಳಿದವರಿಗೆ ಬೋರಲು ಹಾಕಿದ ಪೆಟ್ಟಿಗೆ ಇಟ್ಟು, ಪ್ರತಿ ಶನಿವಾರ ಸಂಜೆ ನಾಲ್ಕಕ್ಕೆ ಯಾರಾದರೊಬ್ಬರ ಹಾಡೋ ವಾದ್ಯವೋ ಏರ್ಪಡಿಸತೊಡಗಿದೆ. ನಲವತ್ತು ಜನ ಬಂದರೆ ಕೋಣೆ ತುಂಬಿ ಹೋಗುತ್ತದೆ. ಮೊದಲ ಸಾಲಿನ ಮೊದಲ ಕುರ್ಚಿ ನಮ್ಮ ಅತ್ತೆಯವರದು. ಅವರಿಗೆ ಕಿವಿ ಸ್ವಲ್ಪ ಮಂದವಾದರೂ ಅವರ ಚಪ್ಪಾಳೆ ಮಾತ್ರ ಇಡೀ ಕೋಣೆಗೆ ಕೇಳುವಂಥದ್ದು.

ಹೀಗಿರುವಾಗ ತಮ್ಮ ಆಗಮನವಾಯಿತು. ಶಬ್ದ ನಿಯಂತ್ರಣದ ಕಚೇರಿಯವರು ಏಣಿ ಹಾಕಿ ತಮ್ಮನ್ನು ಗೋಡೆಗೇರಿಸಿ, ಎರಡು ಪುಟದ ನಿಯಮ ಕೈಗಿತ್ತರು. ಮಿತಿ ಮೀರಿದ ಶಬ್ದವಾದರೆ ತಾವು ಕೆಂಪಾಗಿ ಅಂಗಡಿಯ ಕರೆಂಟು ಕಡಿಯುತ್ತೀರಿ. ಹೊರಗಿನ ಪೆಟ್ಟಿಗೆಯಲ್ಲಿ ಸ್ವಿಚ್ಚನ್ನು ನಾವು ಮೇಲೆತ್ತುವವರೆಗೆ ಅದು ಬರುವುದಿಲ್ಲ. ವರ್ಷದಲ್ಲಿ ಮೂರು ಸಲ ಕೆಂಪಾದರೆ ಶನಿವಾರದ ಅನುಮತಿ ರದ್ದು. ಇದಕ್ಕೆ ಹಾಡು ಯಾವುದು, ಗಲಾಟೆ ಯಾವುದು ಎಂದು ಕೇಳಿಸುತ್ತದೆಯೇ ಎಂದು ನಾನು ವಿಚಾರಿಸಿದ್ದಕ್ಕೆ ಆ ಪುಣ್ಯಾತ್ಮ ಸ್ಕ್ರೂ ಬಿಗಿಯುತ್ತಲೇ, “ಅದು ಕೇಳಲ್ಲಮ್ಮ, ಅಳೆಯುತ್ತೆ ಅಷ್ಟೆ” ಎಂದ.

ಮಾನ್ಯರೇ, ತಮ್ಮನ್ನು ಹೊಗಳಲು ನನಗೆ ಯಾವ ಸಂಕೋಚವೂ ಇಲ್ಲ. ಇಪ್ಪತ್ತಾರು ವರ್ಷದಲ್ಲಿ ತಮ್ಮಂಥ ಶ್ರೋತೃವನ್ನು ನಾನು ಕಂಡಿಲ್ಲ. ತಾವು ನಡುವೆ ಎದ್ದು ಹೋಗುವುದಿಲ್ಲ, ಪಕ್ಕದವರ ಕಿವಿಯಲ್ಲಿ ಪಿಸುಗುಡುವುದಿಲ್ಲ, ಆಕಳಿಸುವುದಿಲ್ಲ. ಆದರೆ ತಮ್ಮ ರಸಿಕತೆಯ ರೀತಿಯೇ ಬೇರೆ. ನಾಲ್ಕು ಜನ ಗೆಳೆಯರ ಒಂದು ತಂಡ ಒಮ್ಮೆ ಬಂದು, ಒಬ್ಬೊಬ್ಬರೂ ಒಂದೊಂದು ಶ್ರುತಿಯಲ್ಲಿ ಎರಡು ಗಂಟೆ ನಮ್ಮ ಪ್ರಾಣ ಹಿಂಡಿದರು. ಒಬ್ಬರೂ ಚಪ್ಪಾಳೆ ತಟ್ಟಲಿಲ್ಲ, ಆದ್ದರಿಂದ ತಾವು ಕೊನೆಯವರೆಗೆ ಹಚ್ಚ ಹಸಿರಾಗಿದ್ದಿರಿ. ಅದರ ಮುಂದಿನ ವಾರ ಗಿಟಾರು ಹಿಡಿದು ಬಂದ ನರ್ಸ್ ಒಬ್ಬಳು ತಾನೇ ಕಟ್ಟಿದ ಹಾಡು ಹಾಡಿ ಎಲ್ಲರ ಕಣ್ಣಲ್ಲಿ ನೀರು ತರಿಸಿದಳು. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು, ತಾವು ಕೆಂಪಾದಿರಿ, ಕರೆಂಟು ಹೋಯಿತು. ಒಂದು ತಿಂಗಳು ಬಿಟ್ಟು ನಿವೃತ್ತ ಬಸ್ ಕಂಡಕ್ಟರ್ ಒಬ್ಬರು ಸೀಟಿಯಲ್ಲೇ ಇಡೀ ಹಾಡು ನುಡಿಸಿದಾಗಲೂ ಇದೇ ಕಥೆ. ಹಾಡಿಗೆ ತಾವು ಯಾವತ್ತೂ ಕೆಂಪಾದವರಲ್ಲ. ಚೆನ್ನಾಗಿತ್ತು ಎಂದು ಜನ ಹೇಳಿದರೆ ಮಾತ್ರ ತಮಗೆ ತಡೆದುಕೊಳ್ಳಲು ಆಗುವುದಿಲ್ಲ.

ಎರಡು ಕೆಂಪು ಮುಗಿದ ಮೇಲೆ ನಮಗೆ ಉಳಿದದ್ದು ಒಂದೇ ದಾರಿ, ಚಪ್ಪಾಳೆಯನ್ನೇ ನಿಲ್ಲಿಸುವುದು. “ಕೈ ತಟ್ಟಬೇಡ ಅಂದ್ರೆ ಈ ಕೈಗಳನ್ನ ಎಲ್ಲಿಡ್ಲಿ, ನೀನೇ ಹೇಳು” ಎಂದು ಅತ್ತೆಯವರು ನನ್ನ ಮೇಲೆ ಹರಿಹಾಯ್ದರು. ಆಗ ನಮ್ಮ ಯಜಮಾನರು ತಮ್ಮ ಜೀವಮಾನದಲ್ಲೇ ಮೊದಲ ಸಲ ಒಂದು ಉಪಾಯ ಸೂಚಿಸಿದರು: ಮೆಚ್ಚುಗೆಯಾದವರು ಕರ್ಚೀಫು ಬೀಸಲಿ. ನಾನು ದೊಡ್ಡ ರಟ್ಟಿನ ಮೇಲೆ ‘ದಯವಿಟ್ಟು ಚಪ್ಪಾಳೆ ಬೇಡ, ಕರ್ಚೀಫು ಬೀಸಿ’ ಎಂದು ಬರೆದು, ಎಲ್ಲರಿಗೂ ಕಾಣಲಿ ಎಂದು ಮೈಕಿನ ಹಿಂದಿನ ಗೋಡೆಗೆ ತೂಗುಹಾಕಿದೆ. ಒಳಗೆ ಬರುವ ಪ್ರತಿಯೊಬ್ಬರಿಗೂ ಬಾಗಿಲಲ್ಲೇ ನಿಂತು ಬಾಯಲ್ಲೂ ಹೇಳಿದೆ.

ಆ ಶನಿವಾರ ನುಡಿಸಬೇಕಿದ್ದವರು ಬೀದಿಯ ಕೊನೆಯ ಲಾಂಡ್ರಿಯವರು. ಹನ್ನೊಂದು ವರ್ಷದಿಂದ ಪ್ರತಿ ಮಧ್ಯಾಹ್ನ ನಮ್ಮಲ್ಲಿಗೆ ಬಂದು, ಹೆಡ್‌ಫೋನು ಹಾಕಿಕೊಂಡು, ನಿಂತೇ ಒಂದು ರೆಕಾರ್ಡು ಕೇಳಿ ಹೋಗುವ ಮನುಷ್ಯ. ಮಾತು ಕಮ್ಮಿ. ಅವರ ಶರ್ಟಿನ ಜೇಬಿನಲ್ಲಿ ಮೌತ್ ಆರ್ಗನ್ ಇರುತ್ತದೆ ಎನ್ನುವುದು ಹೋದ ವರ್ಷ ಅದು ಕೈಜಾರಿ ಕೆಳಗೆ ಬಿದ್ದಾಗಲೇ ನನಗೆ ಗೊತ್ತಾಗಿದ್ದು. ಅಂದಿನಿಂದ ನಾನು ದುಂಬಾಲು ಬಿದ್ದಿದ್ದೆ. “ನನ್ನದನ್ನ ಯಾರು ಕೇಳ್ತಾರೆ ಬಿಡಿ ಅಕ್ಕಾ, ಇಸ್ತ್ರಿ ಪೆಟ್ಟಿಗೆ ಮುಂದೆ ನುಡಿಸಿ ಅಭ್ಯಾಸ” ಎಂದು ಒಂದು ವರ್ಷ ತಪ್ಪಿಸಿಕೊಂಡವರು, ಕೊನೆಗೆ ಒಪ್ಪಿ, ತಾವೇ ಗರಿಗರಿಯಾಗಿ ಇಸ್ತ್ರಿ ಮಾಡಿದ ಬಿಳಿ ಶರ್ಟು ತೊಟ್ಟು, ಜನರ ಕಣ್ಣಿಗೆ ಬೀಳಬಾರದೆಂದು ಹಿತ್ತಲ ಬಾಗಿಲಿಂದ ಬಂದರು.

ಅವರು ನುಡಿಸಿದ್ದನ್ನು ತಾವೂ ಅಳೆದಿದ್ದೀರಿ, ಎಷ್ಟಿತ್ತೋ ತಮಗೇ ಗೊತ್ತು. ನನಗಂತೂ ಮೊದಲ ನಾಲ್ಕು ಉಸಿರಿಗೇ ಮೈ ಜುಮ್ಮೆಂದಿತು. ಅಷ್ಟು ಸಣ್ಣ ವಾದ್ಯದಲ್ಲಿ ಅಷ್ಟೊಂದು ದುಃಖವೂ ಅಷ್ಟೊಂದು ತುಂಟತನವೂ ಹೇಗೆ ಹಿಡಿಯಿತೋ ಕಾಣೆ. ಮೊದಲ ತುಣುಕು ಮುಗಿಯಿತು. ನಲವತ್ತು ಕರ್ಚೀಫು ಒಟ್ಟಿಗೆ ಮೇಲೆದ್ದು ಬೀಸತೊಡಗಿದವು, ಅವುಗಳಲ್ಲಿ ಅರ್ಧಕ್ಕರ್ಧ ಅವರೇ ಒಗೆದು ಇಸ್ತ್ರಿ ಮಾಡಿದ್ದವು.

ನನ್ನ ತಪ್ಪು ನನಗೆ ಹೊಳೆದದ್ದು ಆ ಕ್ಷಣದಲ್ಲಿ. ಇಡೀ ಬೀದಿಗೇ ಹೇಳಿದ್ದ ನಾನು ಒಬ್ಬರಿಗೆ ಹೇಳುವುದನ್ನು ಮರೆತಿದ್ದೆ, ಆ ಒಬ್ಬರು ನುಡಿಸುವವರೇ ಆಗಿದ್ದರು. ಹಿತ್ತಲಿಂದ ಬಂದವರಿಗೆ ಬಾಗಿಲ ಮಾತು ತಲುಪಿಲ್ಲ, ರಟ್ಟಿನ ಫಲಕ ಅವರ ಬೆನ್ನ ಹಿಂದೆ. ಉಸಿರೆತ್ತದೆ ಕೂತ ನಲವತ್ತು ಜನ, ರೈಲು ಹೊರಟಾಗ ಬೀಸುವ ಹಾಗೆ ಕರ್ಚೀಫು ಬೀಸುತ್ತಿರುವುದನ್ನು ಅವರು ಎರಡು ನಿಮಿಷ ನೋಡಿದರು. ಸಾಕು, ಇನ್ನು ಹೊರಡಿ ಎನ್ನುತ್ತಿದ್ದಾರೆ ಎಂದು ತಿಳಿದರು ಪಾಪ. ಯಾರ ಮೇಲೂ ಬೇಸರವಿಲ್ಲದ ಹಾಗೆ ಸಣ್ಣಗೆ ನಕ್ಕು, ತಲೆ ಬಾಗಿಸಿ, ಮೌತ್ ಆರ್ಗನ್ನನ್ನು ಜೇಬಿಗೆ ಹಾಕಿಕೊಂಡು ಹಿತ್ತಲ ಬಾಗಿಲ ಕಡೆ ನಡೆದರು. ಜನ ಗಾಬರಿಯಾಗಿ ಇನ್ನೂ ಜೋರಾಗಿ ಬೀಸಿದರು, ಅವರು ಇನ್ನೂ ಬೇಗ ಬೇಗ ಹೆಜ್ಜೆ ಹಾಕಿದರು.

ಕೂಗಿ ಕರೆಯೋಣವೆಂದರೆ ಆ ಕೂಗಿಗೂ ತಾವು ಕೆಂಪಾಗುವವರೇ. ಒಂದು ಕಡೆ ಗೋಡೆಯ ಮೇಲೆ ಚೌಕಟ್ಟು ಹಾಕಿಸಿದ ಅನುಮತಿ ಪತ್ರ, ಇನ್ನೊಂದು ಕಡೆ ಚಿಲಕಕ್ಕೆ ಕೈ ಹಾಕಿದ ಮನುಷ್ಯ. ಆ ಬಾಗಿಲು ದಾಟಿದರೆ ಅವರು ಇನ್ನು ಯಾರ ಮುಂದೆಯೂ ನುಡಿಸುವುದಿಲ್ಲ ಎಂದು ನನಗೆ ಖಂಡಿತವಾಗಿ ಗೊತ್ತಿತ್ತು. ನಾನು ಚಪ್ಪಾಳೆ ತಟ್ಟಿಬಿಟ್ಟೆ, ಮಾನ್ಯರೇ. ಅಲ್ಲಿಯವರೆಗೆ ಕೈ ಕಟ್ಟಿಕೊಂಡು ಕೂತಿದ್ದ ಅತ್ತೆಯವರು ಅದಕ್ಕೇ ಕಾದಿದ್ದವರಂತೆ ಶುರು ಮಾಡಿದರು. ಆಮೇಲೆ ಯಾರನ್ನೂ ಹಿಡಿಯಲಾಗಲಿಲ್ಲ. ತಾವು ಕೆಂಪಾದಿರಿ. ದೀಪ, ಮೈಕು, ಫ್ಯಾನು ಎಲ್ಲವೂ ನಿಂತವು.

ಲಾಂಡ್ರಿಯವರು ತಿರುಗಿ ನಿಂತರು. ಅವರ ಮುಖದಲ್ಲಿ ಆಗ ಏನಿತ್ತು ಎಂದು ಅಳೆಯುವ ಸಾಧನ ತಮ್ಮಲ್ಲಿಲ್ಲದ್ದಕ್ಕೆ ನನಗೆ ತಮ್ಮ ಬಗ್ಗೆ ನಿಜವಾಗಿಯೂ ಮರುಕವಾಗುತ್ತದೆ. ಯಜಮಾನರು ಸ್ವಿಚ್ಚು ಎತ್ತಲು ಎದ್ದಾಗ ಅತ್ತೆಯವರು ಮಗನ ಶರ್ಟು ಹಿಡಿದೆಳೆದು, “ಕೂತ್ಕೊಳೋ, ಕರೆಂಟು ಎಲ್ಲಿಗೂ ಓಡಿ ಹೋಗಲ್ಲ” ಎಂದು ಗದರಿಸಿ ಕೂರಿಸಿದರು. ಲಾಂಡ್ರಿಯವರು ಜನರ ನಡುವೆಯೇ ಒಂದು ಪೆಟ್ಟಿಗೆಯ ಮೇಲೆ ಕೂತು, ಮೈಕಿಲ್ಲದೆ, ಇನ್ನೂ ಒಂದು ಗಂಟೆ ನುಡಿಸಿದರು. ಪ್ರತಿ ತುಣುಕಿಗೂ ಚಪ್ಪಾಳೆ, ಕೂಗು, ಒನ್ಸ್ ಮೋರ್. ತಾವು ಕಡಿದ ಕರೆಂಟಿನಲ್ಲೇ ತಮ್ಮ ಪ್ರಾಣವೂ ಇದ್ದುದರಿಂದ ಅದೊಂದೂ ತಮ್ಮ ಗಮನಕ್ಕೆ ಬರಲಿಲ್ಲ. ನಮ್ಮ ಅಂಗಡಿಯ ಅತ್ಯಂತ ಗದ್ದಲದ ಸಂಜೆ ತಮ್ಮ ಕಡತದಲ್ಲಿ ಅತ್ಯಂತ ನಿಶ್ಶಬ್ದ ಸಂಜೆಯಾಗಿ ದಾಖಲಾಗಿದೆಯಂತೆ.

ನಿನ್ನೆ ಕಚೇರಿಯ ಕಾಗದ ಬಂತು. ಮೂರನೆಯ ಕೆಂಪಿನ ಮೇರೆಗೆ ಶನಿವಾರದ ಅನುಮತಿ ರದ್ದಾಗಿದೆ. ಚೌಕಟ್ಟಿನಿಂದ ಪತ್ರ ತೆಗೆಯುವಾಗ ನನಗೆ ಅಳು ಬಂತು ಎಂದು ಹೇಳಿಕೊಳ್ಳಲು ನಾಚಿಕೆಯಿಲ್ಲ. ಆದ್ದರಿಂದ ತಮ್ಮಲ್ಲಿ ಕೆಲವು ಚಿಕ್ಕಪುಟ್ಟ ಬೇಡಿಕೆಗಳು. ತಮಗೆ ಸಾಧ್ಯವಾದರೆ ಚಪ್ಪಾಳೆಗೆಂದೇ ಹಳದಿಯೋ ನೀಲಿಯೋ ಬೇರೆ ದೀಪವೊಂದನ್ನು ಧರಿಸಬೇಕು. ಕೆಟ್ಟ ಹಾಡಿಗೆ ತಾವಾಗಿಯೇ, ಜನರ ಪರವಾಗಿ, ಕೆಂಪಾಗುವ ಕೃಪೆ ಮಾಡಬೇಕು. ಒಂದು ಶನಿವಾರವಾದರೂ ಮೊಳೆ ಬಿಟ್ಟು ಕೆಳಗಿಳಿದು, ಅತ್ತೆಯವರ ಪಕ್ಕದ ಕುರ್ಚಿಯಲ್ಲಿ ಕೂರಬೇಕು. ಇವು ಯಾವುವೂ ಆಗದಿದ್ದರೆ ಬೇಡ, ಒಂದನ್ನು ಮಾತ್ರ ದಯವಿಟ್ಟು ನಡೆಸಿಕೊಡಿ: ಕಚೇರಿಯ ಕಾಗದದಲ್ಲಿ ‘ಶಬ್ದಕ್ಕೆ ಕಾರಣ’ ಎಂಬಲ್ಲಿ ‘ಮೌತ್ ಆರ್ಗನ್ ವಾದಕ’ ಎಂದು ಬರೆದಿದೆ. ಅದನ್ನು ಹೊಡೆದು ಹಾಕಿ, ‘ಅಂಗಡಿಯ ಒಡತಿಯ ಎರಡು ಕೈ’ ಎಂದು ತಿದ್ದಿಸಬೇಕು. ಆ ತಪ್ಪು ನನ್ನದು, ಅದನ್ನು ಬೇರೆಯವರಿಗೆ ಬಿಟ್ಟುಕೊಡಲು ನನಗೆ ಇಷ್ಟವಿಲ್ಲ.

ತಮ್ಮ ಕೆಂಪು ಕಣ್ಣಿಗೆ ಮೂರು ಸಲ ಪಾತ್ರಳಾಗಿಯೂ ಬುದ್ಧಿ ಕಲಿಯದ,
ತಮ್ಮ ವಿಶ್ವಾಸಿ,
ರೆಕಾರ್ಡ್ ಅಂಗಡಿಯ ಅಕ್ಕ

ತಾಜಾ ಕಲಂ: ಒಗೆಯುವ ಯಂತ್ರಗಳ ಸದ್ದು ದುಡಿಮೆಯ ಸದ್ದಾದ್ದರಿಂದ ಲಾಂಡ್ರಿಗಳಿಗೆ ತಮ್ಮಂಥವರ ಅಗತ್ಯವಿಲ್ಲ ಎಂದು ಅದೇ ಎರಡು ಪುಟದ ನಿಯಮದ ಕೊನೆಯಲ್ಲಿ ಸಣ್ಣ ಅಕ್ಷರದಲ್ಲಿದೆ. ಅತ್ತೆಯವರು ಭೂತಗನ್ನಡಿ ಹಿಡಿದು ಪತ್ತೆ ಹಚ್ಚಿದರು. ಬರುವ ಶನಿವಾರದಿಂದ ನಾಲ್ಕು ಗಂಟೆಗೆ ನಾವೆಲ್ಲರೂ ಬೀದಿಯ ಕೊನೆಯ ಲಾಂಡ್ರಿಯಲ್ಲಿ ಇರುತ್ತೇವೆ. ನುಡಿಸುವಾಗ ಯಂತ್ರಗಳನ್ನು ನಿಲ್ಲಿಸಿ, ಚಪ್ಪಾಳೆ ಬಂದಾಗ ನಾಲ್ಕನ್ನೂ ಒಟ್ಟಿಗೆ ಚಾಲೂ ಮಾಡುವುದೆಂದು ತೀರ್ಮಾನವಾಗಿದೆ. ಗಿರಾಕಿಗಳಿಗೆ ಮಾತ್ರ ಪ್ರವೇಶವಾದ್ದರಿಂದ ಪ್ರತಿಯೊಬ್ಬರೂ ಒಂದು ಕೊಳೆ ಬಟ್ಟೆ ತರತಕ್ಕದ್ದು. ತಮ್ಮನ್ನು ಕರೆಯಬೇಕೆಂದು ನನಗೆ ಬಹಳ ಆಸೆಯಿತ್ತು. ಆದರೆ ಮೈಮೇಲೆ ಒಂದು ತುಂಡು ಬಟ್ಟೆಯೂ ಇಲ್ಲದವರನ್ನು ಒಳಗೆ ಬಿಡುವುದು ಹೇಗೆ?