ಹಡಗು ಹತ್ತಿದ ಬೀಸುಕಲ್ಲು

ನನ್ನ ನೆನಪಿನ ಶಕ್ತಿಯ ಬಗ್ಗೆ ನಮ್ಮ ಬಂಧುವರ್ಗದಲ್ಲಿ ಎರಡು ಅಭಿಪ್ರಾಯಗಳಿವೆ. ನಾನು ಏನನ್ನೂ ಮರೆಯುವುದಿಲ್ಲ ಎಂಬುದು ಒಂದು; ಮರೆಯಬೇಕಾದ್ದನ್ನು ಮಾತ್ರ ಮರೆಯುವುದಿಲ್ಲ ಎಂಬುದು ಇನ್ನೊಂದು. ಈ ಎರಡನೆಯದನ್ನು ಮೊದಲು ಆಡಿದವರು ಯಾರು, ಯಾರ ಮದುವೆಯ ಪಂಕ್ತಿಯಲ್ಲಿ ಆಡಿದರು, ಆಗ ಎಲೆಯ ಮೇಲೆ ಏನು ಬಡಿಸಿದ್ದರು ಎಂಬುದೂ ನನಗೆ ನೆನಪಿದೆ. ಅವರು ಈಗ ಇಲ್ಲವಾದ್ದರಿಂದ ಹೆಸರು ಹೇಳುವುದಿಲ್ಲ. ಮನುಷ್ಯನು ತನಗಾದ ಅವಮಾನಗಳನ್ನು ತಾನೇ ಜೋಪಾನ ಮಾಡಿಕೊಳ್ಳದಿದ್ದರೆ ಬೇರೆ ಯಾರು ಮಾಡಿಯಾರು? ಮಾಡಿದವರಂತೂ ಮರುದಿನವೇ ಮರೆತು ಚಹಾ ಕುಡಿಯಲು ಬರುತ್ತಾರೆ. ಇಷ್ಟು ಭಾರವನ್ನು ಇಷ್ಟು ವರ್ಷ ಹೊತ್ತು ನಡೆದವನಿಗೆ, ಇಳಿವಯಸ್ಸಿನಲ್ಲಿ ಮನೆಯ ಸಾಮಾನನ್ನೆಲ್ಲ ಹಡಗಿಗೇರಿಸಿ ಪರದೇಶಕ್ಕೆ ಸಾಗಿಸುವ ಹೊತ್ತಿನಲ್ಲಿ, ಕಡಲಿನ ಮೇಲೆ ಭಾರಕ್ಕೆ ಬೆಲೆಯೇ ಇಲ್ಲವೆಂದು ತಿಳಿದುಬಂದರೆ ಏನೆನ್ನಿಸಬೇಕು?

ಹಾಗೆಂದು ತಿಳಿಸಿದವರು ಸಾಗಣೆ ಕಂಪನಿಯ ಕಡೆಯಿಂದ ಬಂದ ಒಬ್ಬ ದಪ್ಪಮೀಸೆಯ ಗೃಹಸ್ಥರು. ಮಗಳು ಸುವರ್ಣಾ ನ್ಯೂಜಿಲ್ಯಾಂಡಿನಲ್ಲಿ ದನದ ಡಾಕ್ಟರು. ನನಗೂ ನನ್ನ ಹೆಂಡತಿ ಶಾಂತಾಳಿಗೂ ಅಲ್ಲಿಯೇ ನೆಲೆಸಲು ಅನುಮತಿ ದೊರೆತು, ಧಾರವಾಡದ ಮನೆಯನ್ನು ಖಾಲಿ ಮಾಡುತ್ತಿದ್ದೆವು. ನಾನು ಹುಬ್ಬಳ್ಳಿ ರೈಲು ನಿಲ್ದಾಣದ ಪಾರ್ಸಲ್ ಕಚೇರಿಯಲ್ಲಿ ಗುಮಾಸ್ತನಾಗಿ ಸೇರಿ ಅಲ್ಲಿಯೇ ನಿವೃತ್ತನಾದವನು. ಗಂಟು ಎಂದರೇನು, ಹುರಿ ಎಂದರೇನು, ತೂಕ ಎಂದರೇನು ಎಂಬುದನ್ನು ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಆ ಗೃಹಸ್ಥರು ಬರುವ ಮೊದಲೇ ಪ್ರತಿಯೊಂದು ಗಂಟನ್ನೂ ತೂಗಿ, ಮೇಲೆ ನೀಲಿ ಸೀಮೆಸುಣ್ಣದಿಂದ ತೂಕ ಬರೆದಿಟ್ಟಿದ್ದೆ. ಅವರು ಅತ್ತ ಕಣ್ಣೂ ಹಾಯಿಸದೆ ಟೇಪು ಬಿಚ್ಚಿ ಉದ್ದಗಲ ಅಳೆಯತೊಡಗಿದರು.

“ತೂಕದ ಚಿಂತಿ ಬಿಡ್ರಿ ಯಜಮಾನ್ರ. ಹಡಗಿನ್ಯಾಗ ಜಾಗಾಕ್ಕ ರೊಕ್ಕ. ಒಂದು ತಲಿದಿಂಬು, ಒಂದು ಕಬ್ಬಿಣದ ಗುಂಡು, ಅಳತಿ ಒಂದ ಇದ್ರ ದರಾನೂ ಒಂದ.”

“ಹಂಗಾರ ಕಲ್ಲು ಒಯ್ದರ?”

“ಗುಡ್ಡಾನ ಒಯ್ರಿ. ಮಣ್ಣು, ಕಾಳು, ಹುಳಾ ಮಾತ್ರ ಇರಬಾರ್ದು ನೋಡ್ರಿ. ಆ ದೇಶದಾಗ ಅದಕ್ಕ ಭಾಳ ಅಂಜತಾರ.”

ಅವರು ಹೋದ ಮೇಲೆ ಶಾಂತಾ ಒಂದು ಒದ್ದೆ ಅರಿವೆ ತಂದು ಕೈಯಲ್ಲಿಟ್ಟಳು, ಸೀಮೆಸುಣ್ಣದ ಬರೆಹ ಒರೆಸುವುದಕ್ಕೆ. ಅವಳ ಕ್ರಮವೇ ಅದು.

ಕಲ್ಲಿನ ಪ್ರಸ್ತಾಪ ಬಂದದ್ದು ಮಗಳಿಂದ. “ಅಪ್ಪಾ, ಮಿಕ್ಸರು, ಕುಕ್ಕರು ಏನೂ ಬ್ಯಾಡ. ಆಯಿ ಬೀಸುಕಲ್ಲು ಒಂದು ತರ್ರಿ, ಸಾಕು” ಎಂದಿದ್ದಳು. ಆಯಿ ಎಂದರೆ ನನ್ನ ತಾಯಿ. ಆ ಬೀಸುಕಲ್ಲಿನಲ್ಲಿ ಅರ್ಧ ಮಾತ್ರ ನನ್ನಲ್ಲಿದೆ ಎಂಬುದು ಅವಳಿಗೆ ತಿಳಿಯದ ಸಂಗತಿಯಲ್ಲ. ತಿಳಿದೇ ಕೇಳಿದಳೆಂದು ನನ್ನ ಗುಮಾನಿ. ನಮ್ಮ ಕಡೆ ಪಾಲಿನಲ್ಲಿ ಒಂದು ಪದ್ಧತಿಯುಂಟು: ಹಿರಿಯವನು ಪಾಲು ಹಾಕಬೇಕು, ಕಿರಿಯವನು ಮೊದಲು ಆರಿಸಿಕೊಳ್ಳಬೇಕು. ತಂದೆ ತೀರಿಕೊಂಡ ಮೇಲೆ ನಾನು ಹಂಡೆಗೆ ಹಂಡೆ, ಚರಿಗೆಗೆ ಚರಿಗೆ, ಕಂಬಳಿಗೆ ಕಂಬಳಿ ಎದುರಿಟ್ಟು ಎರಡು ಗುಂಪು ಮಾಡಿದೆ. ತಮ್ಮ ಈರಣ್ಣ ಎರಡನ್ನೂ ಒಮ್ಮೆ ಸುತ್ತುಹಾಕಿ ನೋಡಿ, ಕೂತ ಹಿರಿಯರ ಎದುರಿಗೆ, “ನಮ್ಮಣ್ಣ ತಕ್ಕಡಿ ಹಿಡಕೊಂಡ ಹುಟ್ಟ್ಯಾನ್ರಿ” ಎಂದ. ಹಿರಿಯರು ನಕ್ಕರು. ಯಾರು ಎಷ್ಟು ನಕ್ಕರೆಂಬುದನ್ನು ಇಂದಿಗೂ ಹೇಳಬಲ್ಲೆ. ಆಗ ಇನ್ನೂ ಉಳಿದದ್ದು ಬೀಸುಕಲ್ಲು. ನಾನು ಮೇಲಿನ ಕಲ್ಲನ್ನು ಎತ್ತಿ ಒಂದು ಗುಂಪಿಗೂ ಕೆಳಗಿನದನ್ನು ಇನ್ನೊಂದು ಗುಂಪಿಗೂ ಸೇರಿಸಿದೆ. ಅಣ್ಣತಮ್ಮಂದಿರು ಇಬ್ಬರು, ಕಲ್ಲು ಎರಡು. ಇದರಲ್ಲಿ ಅನ್ಯಾಯ ಎಲ್ಲಿದೆಯೆಂದು ಈವರೆಗೆ ಯಾರೂ ನನಗೆ ತೋರಿಸಿಕೊಟ್ಟಿಲ್ಲ. ಈರಣ್ಣ ಮೇಲಿನ ಕಲ್ಲಿದ್ದ ಪಾಲನ್ನು ಆರಿಸಿಕೊಂಡು ಹುಬ್ಬಳ್ಳಿಯ ಬೆಂಗೇರಿಗೆ ಹೋದ. ಹೋಗುವಾಗ, ಹುಟ್ಟಿದಾಗಿನಿಂದ ‘ನೀ’ ಎನ್ನುತ್ತಿದ್ದವನು, “ಬರ್ತೇನ್ರಿ” ಎಂದ. ಅಂದಿನಿಂದ ನಾನು ಅವನಿಗೆ ‘ನೀವು’. ಮಂದಿ ಅದನ್ನು ಗೌರವವೆಂದರು. ಅದು ಏನೆಂದು ನಾನು ಬಲ್ಲೆ.

ನನ್ನ ಪಾಲಿನ ಕಲ್ಲು ಹಿತ್ತಲಿನ ನಲ್ಲಿಯ ಕೆಳಗೆ ಕೊಡ ಇಡುವ ಪೀಠವಾಯಿತು. ನೀರು ಬಿಟ್ಟ ದಿನ ಅದನ್ನು ನೋಡಿದಾಗಲೆಲ್ಲ, ಅತ್ತ ಬೆಂಗೇರಿಯಲ್ಲಿ ಅವನ ಕಲ್ಲೂ ಹೀಗೆಯೇ ಯಾವುದೋ ಮೂಲೆಯಲ್ಲಿ ಕೆಲಸವಿಲ್ಲದೆ ಬಿದ್ದಿರಬೇಕೆಂದು ನೆನೆದು ಒಂದು ಬಗೆಯ ನೆಮ್ಮದಿ ಪಡುತ್ತಿದ್ದೆ. ನಷ್ಟವು ಸಮಸಮವಾಗಿದ್ದರೆ ಅದನ್ನು ನಷ್ಟವೆನ್ನಲಾಗದು. ಎರಡು ದಶಕಕ್ಕೂ ಮಿಕ್ಕಿ ನಾನು ಈ ನಂಬಿಕೆಯ ಮೇಲೆ ಬದುಕಿದ್ದೆ.

ಮಗಳ ಮಾತಿಗೆ ಕಟ್ಟುಬಿದ್ದು ಬೆಂಗೇರಿಯ ಮನೆಗೆ ಹೋಗಿ ಪಡಸಾಲೆಯಲ್ಲಿ ನಿಂತಾಗ ಒಳಗಿನಿಂದ ಗುರ್ರೆಂದು ಒಂದು ಸದ್ದು ಬರುತ್ತಿತ್ತು. ಆ ಸದ್ದನ್ನು ನಾನು ಮರೆತಿರಲಿಲ್ಲ. ಬಾಗಿಲಿನಿಂದ ನೋಡಿದರೆ ತಮ್ಮನ ಹೆಂಡತಿ ನೀಲವ್ವ ಒಂದು ಕಾಲು ಚಾಚಿ ಕೂತು ಕಡಲೆಬೇಳೆ ಬೀಸುತ್ತಿದ್ದಳು. ಮೇಲಿನ ಕಲ್ಲು ನಮ್ಮ ತಾಯಿಯದು. ಅದರ ಕೆಳಗೆ ನಾನು ಕಂಡರಿಯದ ಇನ್ನೊಂದು ಕಲ್ಲು.

“ಇದು ಎಲ್ಲಿಂದ ಬಂತು?” ಎಂದೆ.

“ಕೆಳಗಿಂದೇನ್ರಿ ಭಾವಾರ? ಕಲ್ಲು ಕಡಿಯಾಂವ ಓಣ್ಯಾಗ ಬಂದಿದ್ದ. ಅಳತಿ ಕೊಟ್ಟೆ, ಮಾಡಿಕೊಟ್ಟ. ಪಾಲಾಗಿ ವರ್ಷ ಸೈತ ಆಗಿದ್ದಿಲ್ಲ.” ಅವಳ ಕೈ ನಿಲ್ಲಲಿಲ್ಲ. “ನೀವ್ಯಾಕ ಒಂದು ಮ್ಯಾಲಿಂದು ಮಾಡಿಸ್ಕೊಳ್ಳಿಲ್ರಿ?”

ನಾನು ಅವಮಾನಗಳನ್ನು ಕಾಣದವನಲ್ಲ. ಆದರೆ ಅವೆಲ್ಲ ನನ್ನನ್ನು ನೋಯಿಸಲೆಂದೇ ಆಡಿದ ಮಾತುಗಳು. ಅವುಗಳಿಗೆ ಒಂದು ಮರ್ಯಾದೆಯಿತ್ತು. ಇದು ಬರೀ ಪ್ರಶ್ನೆ. ತಿಳಿದುಕೊಳ್ಳಬೇಕೆಂದು ಕೇಳಿದ್ದು. ಆ ಅರ್ಧಕ್ಕೆ ಇನ್ನೊಂದು ಅರ್ಧವನ್ನು ಮಾಡಿಸಬಹುದೆಂಬ ಯೋಚನೆ ಇಷ್ಟು ವರ್ಷಗಳಲ್ಲಿ ನನ್ನ ತಲೆಯ ಆಸುಪಾಸಿನಲ್ಲಿಯೂ ಸುಳಿದಿರಲಿಲ್ಲ.

ಈರಣ್ಣ ಅಂಗಡಿಯಿಂದ ಊಟಕ್ಕೆ ಬಂದವನು ನನ್ನನ್ನು ಕಂಡು, “ಕುಂಡರ್ರಿ. ಸುವರ್ಣಾ ಫೋನ್ ಮಾಡಿದ್ಲು. ಮ್ಯಾಲಿನ ಕಲ್ಲಿಗೆ ಬಂದೀರಿ, ಹೌದಿಲ್ರಿ?” ಎಂದ.

“ಕೊಡಬೇಕಂತೇನಿಲ್ಲ. ಕೇಳಾಕ ಬಂದೇನಿ.”

“ಊರು ಬಿಡಾಂವ ಇದ್ದದ್ದು ಬಿಟ್ಟು ಹೊಕ್ಕಾನ್ರಿ. ನೀವು ನೋಡಿದ್ರ ಹೊಂಟ ಮ್ಯಾಲ ಕೂಡಿಸಾಕ ಹತ್ತೀರಿ.”

ಸರಿ, ಕೊಡುವುದಿಲ್ಲವೆಂದು ಏಳಬೇಕೆನ್ನುವಷ್ಟರಲ್ಲಿ ಒಳಗಿನಿಂದ ನೀಲವ್ವ, “ಒಯ್ಯಲಿ ಬಿಡ್ರಿ. ನಮಗ ಇನ್ನೊಂದು ಮಾಡಿಸ್ಕೊಂಡ್ರಾತು” ಎಂದಳು. ಎಷ್ಟು ಸಲೀಸಾಗಿ. ಕೊಡದಿದ್ದರೆ ಆ ಅವಮಾನವನ್ನಾದರೂ ಜೊತೆಯಲ್ಲಿ ಒಯ್ಯಬಹುದಾಗಿತ್ತು. ಕೇಳಿದ ಕೂಡಲೇ ಕೊಟ್ಟುಬಿಡುವವರ ಮೇಲೆ ಏನನ್ನು ಸಾಧಿಸುವುದು? ಆಮೇಲೆ ಬಂದ ಚಹಾದ ಕಪ್ಪಿನ ಹಿಡಿಕೆ ಮುರಿದಿತ್ತು. ಸದ್ಯ ಅಷ್ಟಾದರೂ ಸಿಕ್ಕಿತಲ್ಲ ಎಂದು ಮನಸ್ಸಿನಲ್ಲಿಟ್ಟುಕೊಂಡು ಬಂದೆ.

ಸಾಮಾನು ಕಟ್ಟುವ ದಿನ ಈರಣ್ಣ ಅಂಗಡಿಯ ಟಂಟಂ ರಿಕ್ಷಾದಲ್ಲಿ, ಹತ್ತಿಯ ಗಾದಿಯ ಮೇಲೆ ಕಲ್ಲನ್ನು ಮಲಗಿಸಿಕೊಂಡು, ನೀಲವ್ವನನ್ನೂ ಕರೆದುಕೊಂಡು ಬಂದ. ಅವನಿಗೆ ಹುಬ್ಬಳ್ಳಿಯ ದುರ್ಗದಬೈಲಿನ ಪೇಟೆಯಲ್ಲಿ ಗಾದಿಯ ಅಂಗಡಿ. ಜೀವನವಿಡೀ ಭಾರವಿಲ್ಲದ್ದನ್ನು ಮಾರಿದವನು. ಹಡಗಿನವರ ದರ ಕೇಳಿ ಅವನಿಗೆ ಆಶ್ಚರ್ಯವೇ ಆಗಲಿಲ್ಲ. ನಾನು ನನ್ನ ಕಲ್ಲನ್ನು ಹಳೆಯ ಹಲ್ಲುಬ್ರಷ್ಷಿನಿಂದ ಗೀರು ಗೀರು ತಿಕ್ಕಿ, ತೊಳೆದು, ಬಿಸಿಲಿಗೆ ಒಣಗಿಸಿಟ್ಟಿದ್ದೆ. ಇಬ್ಬರೂ ಸೇರಿ ಅದರ ಮೇಲೆ ಅವನ ಕಲ್ಲನ್ನು ಇಳಿಸಿದೆವು. ತಿರುಗುವುದೋ ಇಲ್ಲವೋ ಎಂದು ನಾನು ಗೂಟಕ್ಕೆ ಕೈಹಾಕಿದೆ.

“ಖಾಲಿ ಬೀಸಬ್ಯಾಡ್ರಿ ಭಾವಾರ, ಮನಿಗೆ ಛಲೋ ಅಲ್ಲ” ಎಂದು ನೀಲವ್ವ ತಡೆದಳು. “ಅದೂ ಇಷ್ಟು ವರ್ಷಕ್ಕ ಕೂಡ್ಯಾವು.”

ಶಾಂತಾ ಡಬ್ಬಿಯ ತಳದಲ್ಲಿ ಉಳಿದಿದ್ದ ಜೋಳವನ್ನು ಬೊಗಸೆಯಲ್ಲಿ ತಂದಳು. ಕಾಳು ಕೂಡದೆಂದು ಸಾಗಣೆಯವರು ಸ್ಪಷ್ಟವಾಗಿ ಹೇಳಿದ್ದಾರೆಂದು ನಾನು ನೆನಪಿಸಿದೆ. “ಬೀಸಿದ ಮ್ಯಾಲ ಕಾಳು ಎಲ್ಲಿ ಉಳಿತೈತ್ರಿ? ಹಿಟ್ಟು ಆಕ್ಕೈತಿ” ಎಂದಳು. ಇಂಥ ತರ್ಕವನ್ನು ಎದುರಿಸುವ ಕಾಯಿದೆ ಯಾವ ಕಚೇರಿಯಲ್ಲಿಯೂ ಇಲ್ಲ.

ಈರಣ್ಣ ಆ ಬದಿ, ನಾನು ಈ ಬದಿ ಕೂತು ಒಂದೇ ಗೂಟ ಹಿಡಿದು ತಿರುಗಿಸಿದೆವು. ಕಲ್ಲುಗಳು ಒಂದನ್ನೊಂದು ಮರೆತಿದ್ದವು. ಅವನದು ಬೇರೊಂದು ಕಲ್ಲಿಗೆ ಹೊಂದಿಕೊಂಡು ಸವೆದಿತ್ತು. ನನ್ನದು ಕೊಡಗಳ ಕೆಳಗೆ ನೀರು ಕುಡಿದು ನುಣುಪಾಗಿತ್ತು. ಗಡಗಡ ಅಲುಗಾಡಿ ಒಂದಿಷ್ಟು ನುಚ್ಚು ಉದುರಿತು, ಒಂದಿಷ್ಟು ಇಡೀ ಕಾಳೇ ಹೊರಬಿತ್ತು. “ಅಣ್ಣಾ, ನೀ ಭಾಳ ಒತ್ತಾಕತ್ತಿ. ಹಗರ ತಿರುವು. ದಿನಾ ಬೀಸಿದ್ರ ಕೂಡತಾವು” ಎಂದ ಈರಣ್ಣ. ಅವನು ‘ನೀ’ ಎಂದದ್ದು ಅವನ ಗಮನಕ್ಕೆ ಬರಲಿಲ್ಲ. ನನ್ನ ಗಮನಕ್ಕೆ ಬಂತು. ಎತ್ತಿ ತೋರಿಸಲಿಲ್ಲ, ತೋರಿಸಿದರೆ ತಿದ್ದಿಕೊಂಡಾನೆಂದು ಅಂಜಿ ಕಣ್ಣು ಕೆಳಗೆ ಹಾಕಿ ಬೀಸಿದೆ. ದಿನಾ ಬೀಸಲು ನಮ್ಮಲ್ಲಿ ದಿನಗಳಿರಲಿಲ್ಲ. ಹೊರಗೆ ಲಾರಿಯವರು ಆಗಲೇ ಕೂಗುತ್ತಿದ್ದರು.

“ನಿಮ್ಮ ನಿಮ್ಮ ಕಲ್ಲು ನೀವ ತಿಕ್ಕರಿ, ಲಗೂನ” ಎಂದಳು ಶಾಂತಾ. ನಾನು ಮತ್ತೆ ಬ್ರಷ್ಷು ಹಿಡಿದೆ. ಈರಣ್ಣ ಗಾದಿಯ ಮೂಲೆಯಿಂದ ಒಂದು ಹಿಡಿ ಹತ್ತಿ ಕಿತ್ತು ಕಲ್ಲಿನ ಮುಖ ಒರೆಸಿ, “ಸಾಕು” ಎಂದ. ಕಾಳು ಹಾಕುವ ಕಣ್ಣಿನೊಳಗೆ ಅವನು ಬೆರಳನ್ನೂ ಆಡಿಸಲಿಲ್ಲ. ಹೇಳಿದ್ದರೆ ಮತ್ತೆ ತಕ್ಕಡಿಯ ಮಾತು ಬರುತ್ತಿತ್ತು.

ಕಡಲು ದಾಟಿದ ಪೆಟ್ಟಿಗೆಗಳನ್ನು ಈ ದೇಶದ ಬಂದರಿನಲ್ಲಿ ತಪಾಸಣೆಯವರು ಬಿಚ್ಚಿ ನೋಡಿದರು. ನನ್ನ ಕಲ್ಲಿನಲ್ಲಿ ಅವರಿಗೆ ಒಂದು ಕಣ ದೋಷ ಸಿಗಲಿಲ್ಲ. ಈರಣ್ಣನ ಕಲ್ಲಿನ ಕಣ್ಣಿನಲ್ಲಿ ಹಿಟ್ಟು ಸಿಕ್ಕಿತು. ಹಿಟ್ಟಿನಲ್ಲಿ ಒಂದು ನುಸಿಹುಳ, ಜೀವಂತ. ಕೆಳಗಿನ ಕಲ್ಲನ್ನು ಮನೆಗೆ ಕಳಿಸಿ ಮೇಲಿನದನ್ನು ತಡೆಹಿಡಿದರು. ಅದಕ್ಕೆ ಶುದ್ಧಿಯಾಗಬೇಕು, ಅದರ ಸರದಿ ಬರಬೇಕು. ಅವರ ಮೇಲೆ ಸಿಟ್ಟಾಗಲಾರೆ. ನನಗಿಂತ ಕಟ್ಟುನಿಟ್ಟಿನ ಜನರನ್ನು ನಾನು ಕಂಡದ್ದು ಇದೇ ಮೊದಲು. ಈರಣ್ಣನಿಗೆ ಫೋನ್ ಮಾಡಿ, “ನಿನ್ನ ಪಾಲು ಹಿಡದಾರ. ನಂದು ಪಾಸಾತು” ಎಂದೆ. ಅವನು ನಕ್ಕ, ನಾನು ಬಯಸಿದ್ದಕ್ಕಿಂತ ಕಡಿಮೆ. ನೀಲವ್ವ ಹೊಸ ಕಲ್ಲು ಮಾಡಿಸಿದಳೇ ಎಂದು ವಿಚಾರಿಸಿದೆ.

“ಇಲ್ಲ ಅಣ್ಣಾ. ಕಲ್ಲು ಕಡಿಯಾಂವ ಬಂದಿದ್ದ, ಆಕಿನ ಬ್ಯಾಡಂದ್ಲು. ಅಲ್ಲೆ ಅದು ಮನಿ ಮುಟ್ಟಲಿ, ಆಮ್ಯಾಲ ನೋಡೂಣು ಅಂತಾಳ. ಸದ್ಯೇಕ ಕೆಳಗಿಂದರ ಮ್ಯಾಲ ಕೊಡ ಇಟ್ಟಾಳ.”

ಈಗ ಕಡಲಿನ ಆ ಬದಿಗೊಂದು, ಈ ಬದಿಗೊಂದು ಕೆಳಗಿನ ಕಲ್ಲು ಕಾಯುತ್ತ ಕೂತಿವೆ. ಇರುವ ಒಂದು ಮೇಲಿನ ಕಲ್ಲು ಬಂದರಿನ ಗೋದಾಮಿನಲ್ಲಿದೆ. ನಾನು ಇಷ್ಟು ವರ್ಷ ಬಯಸಿದ ಸಮಪಾಲು ಇದೇ. ಅದು ಕೈಗೂಡಿದ ಮೇಲೆ ಮನಸ್ಸಿಗೆ ಯಾಕೆ ನೆಮ್ಮದಿಯಿಲ್ಲವೆಂದು ಒಂದು ಸಂಜೆ ಶಾಂತಾಳನ್ನು ಕೇಳಿದೆ. ಅವಳು ತೋಟದ ನಲ್ಲಿಯ ಹತ್ತಿರ ಬಕೆಟ್ಟು ಹಿಡಿದು ನಿಂತಿದ್ದಳು.

“ನಿಮಗೇನು ಕಡಿಮಿ ಆಗೇತ್ರಿ?” ಎಂದಳು. “ಈ ಊರಾಗ ಕಲ್ಲು ಕಡಿಯಾಂವ ಒಬ್ಬನೂ ಇಲ್ಲ. ಮ್ಯಾಲಿಂದು ಇನ್ನೊಂದು ಯಾಕ ಮಾಡಿಸ್ಕೊಳ್ಳಿಲ್ಲಂತ ಯಾರೂ ಕೇಳಂಗಿಲ್ಲ.”

ಹೀಗೆಂದು ಬಕೆಟ್ಟನ್ನು ನನ್ನ ಕಲ್ಲಿನ ಮೇಲೆ ಇಟ್ಟು ನಲ್ಲಿ ತಿರುಗಿಸಿದಳು. ನಾನು ಬಕೆಟ್ಟು ವಾಲುತ್ತದೆಯೇ ಎಂದು ಬಗ್ಗಿ ನೋಡಿದೆ. ವಾಲಲಿಲ್ಲ, ಕಲ್ಲಿಗೆ ಆ ಕೆಲಸ ಚೆನ್ನಾಗಿ ನೆನಪಿತ್ತು.